ಯಾರಂದ್ರಕ್ಕ ಹುಡುಕಿ ತಂದ ಸಾಕ್ಷಿ

ನಮ್ಮ ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿ ಕೂತು ಊರವರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುವ ಹೊಲಿಗೆಯವಳನ್ನು ಬೀದಿಯವರೆಲ್ಲ ಯಾರಂದ್ರಕ್ಕ ಅನ್ನುತ್ತಾರೆ. ಆಕೆಯ ಮುಂದೆ ಯಾರೇ "ಅದು ಹಾಗಂತೆ, ಇದು ಹೀಗಂತೆ" ಅಂದರೂ, ತುಟಿಯಲ್ಲಿ ಕಚ್ಚಿಕೊಂಡ ಗುಂಡುಪಿನ್ನು ತೆಗೆದು "ಯಾರಂದ್ರು?" ಅಂತ ಕೇಳುತ್ತಾಳೆ. ಉತ್ತರ ಸಿಗುವ ತನಕ ಮಷೀನು ತುಳಿಯುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನರ ನಡುವೆ ಇಂಥವಳೊಬ್ಬಳಿದ್ದರೆ ಹರಟೆಯ ರುಚಿಯೇ ಕೆಡುತ್ತದೆ.

ಈ ಚಾಳಿ ಸುಮ್ಮನೆ ಬಂದದ್ದಲ್ಲ. ಆಕೆಯ ತಾಯಿಗೆ ಎದೆಯಲ್ಲಿ ಗಂಟಾದಾಗ, ಸೊಪ್ಪು ಅರೆದು ಹಚ್ಚಿದರೆ ಕರಗುತ್ತದೆ ಅಂತ ಯಾರೋ ಅಂದರು. ಮನೆಮಂದಿ ವರ್ಷವಿಡೀ ಅರೆದು ಅರೆದು ಹಚ್ಚಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕೈಮೀರಿತ್ತು. ತಾಯಿ ಹೋದ ಮೇಲೆ, ಆ ಮದ್ದು ಹೇಳಿದವರು ಯಾರು ಅಂತ ಕೇಳಿದರೆ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. ಅಂದಿನಿಂದ ಆಕೆ ಬಿಡುವಾದಾಗಲೆಲ್ಲ ದೊಡ್ಡಾಸ್ಪತ್ರೆಯ ಕ್ಯಾನ್ಸರ್ ವಿಭಾಗದ ನರ್ಸಮ್ಮನ ಹತ್ತಿರ ಹೋಗಿ, ಬೀದಿಯ ಹೆಂಗಸರ ಪ್ರಶ್ನೆಗಳನ್ನೆಲ್ಲ ಕೇಳಿಕೊಂಡು ಬರುತ್ತಾಳೆ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಆಕೆಗೆ ನಾಚಿಕೆಯಿಲ್ಲ.

ಈ ಸಲ ಗಂಟು ಕಾಣಿಸಿಕೊಂಡದ್ದು ನನ್ನ ಚಿಕ್ಕಮ್ಮನ ಎದೆಯಲ್ಲಿ. ಡಾಕ್ಟರು ಸೂಜಿ ಹಾಕಿ ಪರೀಕ್ಷೆ ಮಾಡಬೇಕು ಅಂದರು. ಚಿಕ್ಕಮ್ಮ ಸುತರಾಂ ಒಪ್ಪಲಿಲ್ಲ.

"ನೋವೇ ಇಲ್ವಲ್ಲೇ! ಸೂಜಿ ಚುಚ್ಚಿದ್ರೆ ಮೈಯೆಲ್ಲಾ ಹರಡುತ್ತಂತೆ. ಹಿಂದಿನ ಬೀದಿ ಬೇಕರಿಯಮ್ಮ ಹಾಗೇ ಹೋದ್ಲಂತೆ."

ಗದರಿದೆ, ಬೇಡಿಕೊಂಡೆ, ಅತ್ತುಬಿಟ್ಟೆ. ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ ಯಾರಂದ್ರಕ್ಕನನ್ನೇ ಕರೆತಂದೆ. ನೋವಿಲ್ಲದ ಗಂಟನ್ನೂ ತೋರಿಸಲೇಬೇಕು, ಸೂಜಿಗೆ ಹೆದರಬೇಕಿಲ್ಲ, ತಡ ಮಾಡುವುದಕ್ಕೆ ಹೆದರಬೇಕು ಅಂತ ನರ್ಸಮ್ಮ ಹೇಳಿದ್ದನ್ನು ಆಕೆ ಹೇಳಿದಳು.

"ನರ್ಸಮ್ಮಂಗೇನು, ಹೋಗೋದು ನನ್ನ ಜೀವ ತಾನೆ? ಬೇಕರಿಯಮ್ಮ ಸತ್ತಿದ್ದು ಸುಳ್ಳಾ?" ಅಂದಳು ಚಿಕ್ಕಮ್ಮ.

"ಯಾರಂದ್ರು?"

"ಹಾಲಿನವಳು."

ಯಾರಂದ್ರಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾನೂ ಬೆನ್ನುಹತ್ತಿದೆ. ಹಾಲಿನವಳು ಹಿಟ್ಟಿನ ಗಿರಣಿಯವನತ್ತ ಕೈ ತೋರಿಸಿದಳು.

"ಆಯಮ್ಮ ಆಸ್ಪತ್ರೆಗೆ ಹೋದ್ರು, ಬೇಕರಿ ಬಾಗಿಲು ಹಾಕ್ತು, ಮತ್ತೆ ಕಾಣ್ಲೇ ಇಲ್ಲ. ಇನ್ನೇನಾಗಿರುತ್ತೆ, ನೀವೇ ಹೇಳಿ?" ಅಂದ ಗಿರಣಿಯವನು.

ಕಡ್ಡಿ ಗುಡ್ಡವಾದದ್ದು ಹೀಗೆ. ಬೇಕರಿಯ ಕಟ್ಟಡದ ಮಾಲೀಕನನ್ನು ಹಿಡಿದು ವಿಳಾಸ ಪಡೆದೆವು. ಊರಿನ ಆಚೆ ತುದಿ, ಬೇಕರಿಯಮ್ಮನ ಮಗಳ ಮನೆ. ನನ್ನ ಕಾಲು ಬಿದ್ದುಹೋಗಿತ್ತು. ಯಾರಂದ್ರಕ್ಕ ಒಂದು ಲೋಟ ನೀರಿಗೂ ನಿಲ್ಲಲಿಲ್ಲ. ಅವಳ ಆ ಹಟಕ್ಕೆ ನಾನು ಅವತ್ತೇ ಮನಸ್ಸಿನಲ್ಲಿ ಕೈಮುಗಿದೆ.

ಬಾಗಿಲು ತೆಗೆದವಳು ಬೇಕರಿಯಮ್ಮನೇ! ಗುಂಡುಕಲ್ಲಿನ ಹಾಗಿದ್ದಳು. ಸೂಜಿ ಪರೀಕ್ಷೆ, ಆಪರೇಷನ್ನು, ಔಷಧಿ ಎಲ್ಲ ಮುಗಿದು ಎಷ್ಟೋ ಕಾಲವಾಗಿತ್ತು. ಕೂದಲು ಉದುರಿದ ತಲೆಯನ್ನು ಜನ ನೋಡಿ ಆಡಿಕೊಂಡಾರು ಅಂತ ಹೆದರಿ, ಯಾರಿಗೂ ಹೇಳದೆ ಇಲ್ಲಿಗೆ ಬಂದುಬಿಟ್ಟಿದ್ದಳು. ತಾನು ಸತ್ತ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕಳು. ಆ ಸುದ್ದಿ ನಂಬಿ ಇನ್ನೊಬ್ಬಳು ಪರೀಕ್ಷೆ ಬೇಡ ಅನ್ನುತ್ತಿದ್ದಾಳೆ ಅಂದಾಗ ನಗು ನಿಂತಿತು.

"ನನ್ನ ಪಾಡಿಗೆ ನಾನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ತೊಂದ್ರೆ ಇಲ್ಲ ಅನ್ಕೊಂಡಿದ್ದೆ" ಅಂದಳು. ಮಗಳು ಬೇಡಮ್ಮ ಅಂದರೂ ಕೇಳದೆ ನಮ್ಮ ಜೊತೆ ಹೊರಟಳು.

ಅವಳನ್ನು ಕಂಡು ಚಿಕ್ಕಮ್ಮ ಹೌಹಾರಿ ಎದ್ದು ನಿಂತಳು. ಆಮೇಲೆ ಹತ್ತಿರ ಬಂದು ಅವಳ ಕೈ ಮುಟ್ಟಿ ನೋಡಿದಳು.

"ಸೂಜಿ ತುಂಬಾ ನೋವಾಗುತ್ತಾ?"

"ಸ್ವಲ್ಪ ಆಗುತ್ತೆ ಕಣಮ್ಮ. ಮನೇಲಿ ಕೂತು ಹೆದರೋದಕ್ಕಿಂತ ಕಡಿಮೆ."

"ನೀವೂ ಜೊತೆಗೆ ಬರ್ತೀರಾ?"

ಮರುದಿನ ನಾವು ನಾಲ್ವರೂ ಹೋದೆವು. ದಾರಿಯಲ್ಲಿ ಗಿರಣಿಯವನು ಬೇಕರಿಯಮ್ಮನನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತ. "ಕ್ಯಾನ್ಸರ್ ಆಸ್ಪತ್ರೆಗೆ ಹೋಗ್ತಿದೀವಿ. ನನಗೆ ವಾಸಿಯಾಗಿದ್ದೂ ಅಲ್ಲೇ" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು ಆಕೆ.

ಸೂಜಿ ಪರೀಕ್ಷೆಯ ವರದಿ ಬಂದಾಗ ನೋಡಿದರೆ, ಚಿಕ್ಕಮ್ಮನ ಗಂಟು ಕ್ಯಾನ್ಸರಿನದೇ ಆಗಿತ್ತು. "ಇನ್ನೂ ಚಿಕ್ಕದಿದೆ, ಒಳ್ಳೇ ಸಮಯಕ್ಕೆ ಬಂದ್ರಿ, ಗುಣ ಮಾಡಬಹುದು" ಅಂದರು ಡಾಕ್ಟರು. ಚಿಕ್ಕಮ್ಮನ ಕೈ ಹಿಡಿದು ಕೂತಿದ್ದ ಯಾರಂದ್ರಕ್ಕ ಆ ಮಾತಿಗೆ ಗಳಗಳ ಅತ್ತುಬಿಟ್ಟಳು. ಆಕೆಯನ್ನು ನನ್ನ ಚಿಕ್ಕಮ್ಮನೇ ಸಮಾಧಾನ ಮಾಡಬೇಕಾಯಿತು.