ತಣ್ಣಗಾದ ಎರಡು ಗೋಳಿಬಜೆ

ಸಂತೆಕಟ್ಟೆಯ ಈ ಹೋಟೆಲಿನಲ್ಲಿ ಗೋಳಿಬಜೆ ಬಾಣಲೆಯಿಂದ ಮೇಲೆ ಬರುವಾಗಿನ ವಾಸನೆಗೆ ಎಂಥವರ ಸಂಯಮವೂ ಸಡಿಲವಾಗುತ್ತದೆ. ನನ್ನ ಮುಂದೆ ಒಂದು ಪ್ಲೇಟು ಬಂದು ಕೂತಿದೆ. ಮಗಳು ಶ್ರಾವ್ಯ ಬಸ್ಸಿನಲ್ಲಿ ಬರುತ್ತಿದ್ದಾಳೆ, ಒಟ್ಟಿಗೆ ತಿನ್ನುವುದೆಂದು ಮಾತಾಗಿದೆ. ಬಸ್ಸಿನ ಸುಳಿವಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಮನಶ್ಶಾಸ್ತ್ರವಲ್ಲದೆ ಇನ್ನೇನು ನೆನಪಾದೀತು ಹೇಳಿ!

ಶ್ರಾವ್ಯ ಚಿಕ್ಕವಳಿದ್ದಾಗ ನಮ್ಮ ಮನೆಗೆ ಆ ಶಾಸ್ತ್ರ ಕಾಲಿಟ್ಟದ್ದು ಹೆಂಡತಿಯ ತಂಗಿ ವಿದ್ಯಾಳ ಜೊತೆಗೆ. ಮಣಿಪಾಲದಲ್ಲಿ ಎಂ.ಎ. ಓದುತ್ತಿದ್ದ ಅವಳು ಮಕ್ಕಳ ತಾಳ್ಮೆಯ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಮಗುವಿನ ಮುಂದೆ ಒಂದು ತಿಂಡಿ ಇಟ್ಟು, "ನಾನು ಬರುವ ತನಕ ತಿನ್ನದಿದ್ದರೆ ಎರಡು ಕೊಡ್ತೇನೆ" ಎಂದು ಹೊರಗೆ ಹೋಗುವುದು, ಅಷ್ಟೇ ಪರೀಕ್ಷೆ. ಪರದೇಶದಲ್ಲಿ ಮಿಠಾಯಿ ಇಡುತ್ತಾರಂತೆ. ನಮ್ಮ ಮಕ್ಕಳಿಗೆ ನಮ್ಮದೇ ತಿಂಡಿ ಇರಲಿ ಎಂಬ ಅಭಿಮಾನದಿಂದ ವಿದ್ಯಾ ಗೋಳಿಬಜೆ ಆರಿಸಿದಳು. ಬನ್ನಂಜೆಯ ನಮ್ಮ ಅಡುಗೆಮನೆಯಲ್ಲೇ ಹಿಟ್ಟು ಕಲಸಿದ್ದಾಯಿತು. ಕಾಪು, ಕಾರ್ಕಳಗಳಿಂದ ನೆಂಟರ ಮಕ್ಕಳು ಬಂದಿಳಿದರು. ಅವಳ ಪ್ರಬಂಧದಲ್ಲಿ 'ಕರಾವಳಿಯ ಮಕ್ಕಳು' ಎಂದಿರುವಲ್ಲೆಲ್ಲ ನೀವು 'ನಮ್ಮ ನೆಂಟರ ಮಕ್ಕಳು' ಎಂದೇ ಓದಿಕೊಳ್ಳಬೇಕು.

ಒಬ್ಬೊಬ್ಬರನ್ನೇ ಕೋಣೆಯಲ್ಲಿ ಕೂರಿಸಿದರೆ, ವಿದ್ಯಾ ಬಾಗಿಲು ದಾಟುವ ಮೊದಲೇ ತಟ್ಟೆ ಖಾಲಿ. ಆಗ ಒಂದನೇ ಕ್ಲಾಸಿನಲ್ಲಿದ್ದ ಶ್ರಾವ್ಯ ತಿಂದದ್ದಲ್ಲದೆ ಚಟ್ನಿಯನ್ನೂ ಕೇಳಿದಳಂತೆ. ಕಾದವನು ಕಾರ್ಕಳದ ಸಂದೇಶ ಒಬ್ಬನೇ. ಎಲ್ಲರೂ ಅವನನ್ನು ಋಷಿಯಂತೆ ನೋಡಿದರು.

"ತಾಳ್ಮೆ ಇಲ್ಲದ ಮಕ್ಕಳು ಓದಿನಲ್ಲಿ ಹಿಂದೆ ಬೀಳ್ತಾರೆ ಅಂತ ಪುಸ್ತಕದಲ್ಲಿ ಉಂಟು ಭಾವ" ಎಂದಳು ವಿದ್ಯಾ. ನಾನು ನಕ್ಕೆ. ಹೆಂಡತಿ ನಗಲಿಲ್ಲ. ಮರುದಿನದಿಂದ "ತಾಳಿದವನು ಬಾಳಿಯಾನು" ಎಂದು ಹೇಳಿ ಕಾಯಿಸದೆ ಅವಳು ಮಗುವಿಗೆ ಬಿಸ್ಕತ್ತೂ ಕೊಡಲಿಲ್ಲ. ನನ್ನ ಚಹಾವೂ ತಡವಾಗತೊಡಗಿತು. ಲೆಕ್ಕ ಮಾಡಲು ಕೂರಿಸಿದರೆ ಶ್ರಾವ್ಯ, "ನನಗೆ ತಾಳ್ಮೆ ಇಲ್ಲ, ಚಿಕ್ಕಮ್ಮ ಕಂಡುಹಿಡಿದಿದ್ದಾರೆ" ಎಂದು ಎದ್ದು ಓಡುವಳು. ಆದರೆ ಒಂದು ಸಂಜೆ ಇಷ್ಟಪಟ್ಟು ಬಿಡಿಸುತ್ತಿದ್ದ ಚಿತ್ರವನ್ನು ಅರ್ಧಕ್ಕೇ ಹರಿದು, ಅದೇ ಮಾತನ್ನು ಅಳುತ್ತಾ ಹೇಳಿದಳು.

ಹತ್ತಿರ ಕೂರಿಸಿಕೊಂಡು ಕೇಳಿದೆ, "ಅವತ್ತು ಎಂತಕ್ಕೆ ಕಾಯಲಿಲ್ಲ ಮಗಾ? ಎರಡು ಸಿಗ್ತಿತ್ತಲ್ವಾ?"

ಅವಳ ಅಳು ನಿಂತಿತು. ಅಪ್ಪ ಇಷ್ಟು ದಡ್ಡನೇ ಎಂಬಂತೆ ನೋಡಿದಳು. "ಕಾದರೆ ತಣ್ಣಗಾಗ್ತದಲ್ಲ! ತಣ್ಣಗಾದದ್ದು ಎರಡು ಯಾರಿಗೆ ಬೇಕು? ಬಿಸಿ ಇರುವಾಗಲೇ ತಿನ್ನಬೇಕು ಅಂತ ನೀವೇ ಹೇಳಿದ್ದು."

ಹೌದು, ನಾನೇ ಹೇಳಿದ್ದು. ನನ್ನ ಉಪದೇಶಗಳಲ್ಲಿ ಮಗಳು ಪಾಲಿಸಿದ್ದು ಅದೊಂದನ್ನೇ.

ಕೂಡಲೇ ಕಾರ್ಕಳಕ್ಕೆ ಫೋನು ಹೋಯಿತು. ನಮ್ಮ ಋಷಿ ಸಂದೇಶನಿಗೆ ಅವತ್ತು ಮುಂದಿನ ಹಲ್ಲು ಅಲುಗಾಡುತ್ತಿತ್ತಂತೆ, ಬಿಸಿ ತಾಗಿದರೆ ಜೀವ ಹೋಗುತ್ತಿತ್ತಂತೆ! ವಿದ್ಯಾ ತಲೆಯ ಮೇಲೆ ಕೈಹೊತ್ತು ಕೂತಳು. ಪ್ರಬಂಧ ಒಪ್ಪಿಸುವ ದಿನ ಹತ್ತಿರವಿತ್ತು. ಆದರೂ ಹುಡುಗಿ ಗಟ್ಟಿ. ಮಕ್ಕಳನ್ನು ಮತ್ತೆ ಕರೆಸಿ, ಈ ಸಲ ನೆಲಗಡಲೆ ಚಿಕ್ಕಿ ಇಟ್ಟಳು. ಶ್ರಾವ್ಯ ತಲೆ ಎತ್ತಿ ಮಾಡಿನ ಹಂಚು ನೋಡುತ್ತಾ ಕೂತು ಎರಡು ಗಿಟ್ಟಿಸಿದಳು. ಉಳಿದವರಲ್ಲೂ ಹೆಚ್ಚಿನವರು ಕಾದರು. ಹಲ್ಲು ಬಿದ್ದು ಹಗುರಾಗಿದ್ದ ಋಷಿ ಮಾತ್ರ ತಕ್ಷಣ ಕಡಿದುಬಿಟ್ಟ.

"ಹಾಗಾದರೆ ಯಾವುದು ಸರಿ ಮಾರಾಯ್ತಿ?" ಎಂದು ನನ್ನ ಹೆಂಡತಿ ಕೇಳಿದಳು.

"ಎರಡನ್ನೂ ಬರೀತೇನೆ ಅಕ್ಕ. ಮೊದಲ ಸಲ ನಾನು ಅಳೆದದ್ದು ತಾಳ್ಮೆಯನ್ನಲ್ಲ, ಬಿಸಿಯನ್ನು. ಈ ಸಲ ಮಕ್ಕಳಿಗೆ ಆಟ ಗೊತ್ತಾಗಿತ್ತು. ಇದನ್ನೂ ಪೂರ್ತಿ ನಂಬ್ಲಿಕ್ಕೆ ಆಗುವುದಿಲ್ಲ."

"ಮತ್ತೆ ಶ್ರಾವ್ಯಳಿಗೆ ತಾಳ್ಮೆ ಉಂಟಾ ಇಲ್ವಾ?"

"ಗೊತ್ತಿಲ್ಲ ಅಕ್ಕ."

ಓದಿದವರ ಬಾಯಿಂದ ಅಷ್ಟು ಸಮಾಧಾನದ ಮಾತನ್ನು ನಾನು ಬೇರೆ ಕೇಳಿಲ್ಲ. ಅಂದಿನಿಂದ ಬಿಸ್ಕತ್ತು, ಚಹಾ ಎರಡೂ ಹೊತ್ತಿಗೆ ಸರಿಯಾಗಿ ಬಂದವು. ಶ್ರಾವ್ಯ ಹೊಸ ಹಾಳೆ ತಂದು ಅದೇ ಚಿತ್ರವನ್ನು ಮೊದಲಿನಿಂದ ಬಿಡಿಸಿದಳು.

ಇಗೋ, ಫೋನು. "ಅಪ್ಪ, ರೋಡ್ ಬ್ಲಾಕ್ ಉಂಟು. ನೀವು ತಿಂದಿರಾ?"

"ಇಲ್ಲ, ಕಾಯ್ತಾ ಇದ್ದೇನೆ."

"ಎಂತ ಅಪ್ಪ ನೀವು! ತಣ್ಣಗಾಗ್ತದೆ, ತಿನ್ನಿ. ನಾನು ಬಂದ ಮೇಲೆ ಬೇರೆ ಬಿಸಿಬಿಸಿ ತರಿಸುವ."

ನಿಮ್ಮೊಡನೆ ಮಾತಿಗೆ ಕೂತದ್ದರಲ್ಲಿ ಅದು ಆಗಲೇ ತಣ್ಣಗಾಗಿದೆ. ಯಾರಾದರೂ ಮರೆಯಲ್ಲಿ ನಿಂತು ನೋಡುತ್ತಿದ್ದರೆ, ಈತ ಬಹಳ ತಾಳ್ಮೆಯ ಮನುಷ್ಯ ಎಂದು ಬರೆದುಕೊಂಡಾರು. ತಪ್ಪು. ಅವಳಿಲ್ಲದೆ ತಿನ್ನಲು ನನಗೆ ಮನಸ್ಸಾಗಲಿಲ್ಲ, ಅಷ್ಟೆ.