ಕರಿಬೇವಿನ ಗಿಡದ ಗೂಡು

ಚಿಕ್ಕಮ್ಮ ತೀರಿಕೊಂಡ ಮೇಲೆ ಪಶ್ಚಿಮವಾಹಿನಿಯಲ್ಲಿ ಪಿಂಡ ಇಟ್ಟರೆ ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. "ನಿನ್ನ ಮಗಳ ಮದುವೆ ನಾವು ಮಾಡ್ತೀವಿ" ಎಂದು ಒಬ್ಬೊಬ್ಬರೂ ಕೈಮುಗಿದು ಮಾತು ಕೊಟ್ಟಿದ್ದಾಯಿತು. ಊಹೂಂ. ಕೊನೆಗೆ ಹಸುವಿನ ಮುಂದಿಟ್ಟು ಬಂದೆವು. ತಂಗಿಗೆ ಇನ್ನೂ ಏನೋ ಕೊರಗಿದೆ ಅನ್ನೋದು ಅವತ್ತೇ ಅಮ್ಮನ ತಲೆ ಹೊಕ್ಕಿತು. ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯದು. ಅಮ್ಮನನ್ನೂ ಕಳ್ಕೊಂಡುಬಿಡ್ತೀನೇನೋ ಅಂತ ನನಗೆ ಹೆದರಿಕೆ.

ಆಗಲೇ ನಮ್ಮ ಕೃಷ್ಣಮೂರ್ತಿಪುರಂ ಮನೆಯ ಹಿತ್ತಲಲ್ಲಿ, ಕುಂಡದ ಕರಿಬೇವಿನ ಮೇಲೆ ಆ ಹುಳ ಕಂಡಿದ್ದು. ಮೊದಲು ಹಕ್ಕಿ ಹಿಕ್ಕೆಯ ಹಾಗಿತ್ತು. ಪೊರೆ ಬಿಡುತ್ತಾ ಬಿಡುತ್ತಾ ಹಸಿರಾಯಿತು. ಮುಟ್ಟಿದರೆ ಕೆಂಪನೆಯ ಎರಡು ಕೊಂಬು ಚಾಚಿ ಗಬ್ಬುನಾತ ಬಿಡುತ್ತಿತ್ತು. ಸಾರಿನ ಒಗ್ಗರಣೆಗೂ ಎಲೆ ಉಳಿಸಲಿಲ್ಲ, ದರಿದ್ರದ್ದು. ಕಿತ್ತೆಸೆಯೋಕೆ ಹೋದರೆ ಅಮ್ಮ ಕೈ ಹಿಡಿದಳು. "ಬಿಟ್ಬುಡೇ. ಅವಳೇ ಬಂದಿರೋದು."

ಒಂದು ಬೆಳಗ್ಗೆ ಹುಳ ಕಡ್ಡಿಗೆ ನೂಲು ಬಿಗಿದುಕೊಂಡು, ಚರ್ಮ ಕಳಚಿ, ಹಸಿರು ಗೂಡಾಗಿ ಕೂತಿತ್ತು. ಅಮ್ಮ ಆ ಕಡ್ಡಿ ಕತ್ತರಿಸಿ ದೇವರಮನೆಯಲ್ಲಿ ಲೋಟಕ್ಕೆ ಸಿಕ್ಕಿಸಿದಳು. ಸಂಜೆ ದೀಪ ಹಚ್ಚಿ ಅದರ ಮುಂದೆ ಕೂತು, "ನಿನ್ನ ಮಗಳನ್ನ ನಾನು ನೋಡ್ಕೋತೀನಿ ಕಣೇ. ನನ್ನ ಬಳೇನೂ ಅವಳಿಗೇ" ಅಂದಳು. (ಹಾಗಾದರೆ ನನಗೇನು, ಮಣ್ಣಾ?) ಗೂಡು ತಟ್ಟನೆ ಅಲ್ಲಾಡಿತು. ದೇವರಾಣೆ, ನಾನೇ ನೋಡಿದೆ. ಫ್ಯಾನ್ ಇಲ್ಲ, ಗಾಳಿ ಇಲ್ಲ. ಸದ್ದಿಗೆ ಇಂಥ ಗೂಡು ಮಿಸುಕೋದು ಮಾಮೂಲು ಅಂತ ಓದಿ ಗೊತ್ತಿತ್ತು, ಆದರೂ ಮೈಯೆಲ್ಲ ಜುಮ್ಮೆಂದಿತು. ಅಮ್ಮ ಮಾತ್ರ ಅವತ್ತು ಹೊಟ್ಟೆ ತುಂಬ ಮೊಸರನ್ನ ಉಂಡಳು. ಓದಿದ್ದು ಹಾಗಿರಲಿ ಅಂತ ನಾನೇ ಇನ್ನೊಂದು ಸೌಟು ಬಡಿಸಿದೆ.

ದಿನಾ ಹೀಗೇ. ಅವಳು ಮಾತಾಡುವಳು, ಅದು ಮಿಸುಕುವುದು, ಅವಳು ಉಣ್ಣುವಳು. ಆಮೇಲೆ ಗೂಡು ಕಪ್ಪಿಟ್ಟಿತು. "ರೆಕ್ಕೆ ಮೂಡ್ತಾ ಇದೆ ಕಣೇ" ಎಂದು ಅಮ್ಮ ತಲೆ ಬಾಚಿ, ಒಳ್ಳೇ ಸೀರೆ ಉಟ್ಟು ಕಾದು ಕೂತಳು.

ಗೂಡಿನ ಪಕ್ಕದಲ್ಲಿ ಸಣ್ಣ ತೂತು ಬಿತ್ತು. ಅದರಿಂದ ತೆವಳಿಕೊಂಡು ಹೊರಬಂದಿದ್ದು ಒಂದು ಕರೀ ಕಣಜ. ಮೀಸೆ ಒರೆಸಿಕೊಂಡು, ದೀಪದ ಸುತ್ತ ಒಂದು ಸುತ್ತು ಹಾಕಿ, ಬಾಗಿಲಿನಿಂದ ಹಾರಿಹೋಯಿತು. ಒಳಗೆ ಚಿಟ್ಟೆಯ ಚೂರೂ ಇರಲಿಲ್ಲ.

"ಹುಳ ಇದ್ದಾಗಲೇ ಕಣಜ ಅದರೊಳಗೆ ಮೊಟ್ಟೆ ಇಟ್ಟಿರುತ್ತೆ ಕಣಮ್ಮ. ಮರಿ ಒಳಗೇ ಕೂತು ಅದನ್ನ ತಿಂದು ಬೆಳೆಯುತ್ತೆ" ಅಂದೆ. ಸಮಾಧಾನ ಮಾಡೋಕೆ ನನಗೆ ಹೊಳೆದಿದ್ದು ಅಷ್ಟೇ.

ಅಮ್ಮ ಖಾಲಿ ಗೂಡನ್ನು ಅಂಗೈಯಲ್ಲಿಟ್ಟುಕೊಂಡು ಆ ತೂತಿನೊಳಗೆ ಇಣುಕಿದಳು.

"ಹಾಗಾದ್ರೆ, ನಾನು ದಿನಾ ಮಾತು ಕೊಡ್ತಿದ್ದಾಗ ಹೂಂ ಅಂತಿದ್ದಿದ್ದು ಯಾರೇ?"