ಕೇಂದ್ರದ ಜೀಪು

ನಮ್ಮ ಅಧ್ಯಯನ ಕೇಂದ್ರದ ಚರಿತ್ರೆಯನ್ನು ಯಾರಾದರೂ ಬರೆದರೆ ಕಟ್ಟಡ, ನಿರ್ದೇಶಕರು, ವಿಚಾರ ಸಂಕಿರಣ ಇವುಗಳ ಬಗ್ಗೆ ಬರೆದಾರು. ಜೀಪಿನ ಸುದ್ದಿಗೆ ಹೋಗಲಾರರು. ನನಗೆ ಮಾತ್ರ ಕೇಂದ್ರವೆಂದರೆ ಆ ಜೀಪೇ.

ಪರದೇಶದವರ ಆಳ್ವಿಕೆ ಕಂಡ ನಾಡುಗಳ ಬಗ್ಗೆ ಸಂಶೋಧನೆ ಮಾಡಲು ವಿಶ್ವವಿದ್ಯಾನಿಲಯದವರು ಎಂಬತ್ತರ ದಶಕದ ಕೊನೆಯಲ್ಲಿ ಕೇಂದ್ರವೊಂದನ್ನು ತೆರೆದು, ಅದರ ಶಾಖೆಯನ್ನು ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರ ಮಹಡಿಯಲ್ಲಿ ಇಟ್ಟರು. ಅದಕ್ಕೆ ಕಾರಣವಿತ್ತು. ಸ್ವಾತಂತ್ರ್ಯಕ್ಕೆ ಮುಂಚೆ ಕೊಳ್ಳೇಗಾಲ ಮದರಾಸಿನ ಬಿಳಿಯರ ಕೈಕೆಳಗಿತ್ತು, ಪಕ್ಕದ ಯಳಂದೂರು ಮೈಸೂರು ಅರಸರ ಸೀಮೆ. "ಸೈಕಲ್ಲಿನಲ್ಲಿ ಹೋಗಿಬರುವ ದೂರದಲ್ಲಿ ಎರಡು ರಾಜ್ಯಭಾರ!" ಎಂದು ನಿರ್ದೇಶಕರು ಹಿಗ್ಗುತ್ತಿದ್ದರು. ಹಿರಿಯರ ನೆನಪುಗಳನ್ನು ಟೇಪಿನಲ್ಲಿ ಹಿಡಿಯುವುದು ಅಲ್ಲೇ ಹತ್ತಿರದ ಮುಳ್ಳೂರಿನವನಾದ ನನ್ನ ಕೆಲಸ. ಯಳಂದೂರು ಸೀಮೆಯ ಅಗರದ ಕಡೆ ಹೋದರೆ ಮಜ್ಜಿಗೆ ಕೊಟ್ಟು ಅರಸರ ಕಾಲದ ಕಥೆ ಹೇಳುತ್ತಿದ್ದರು, ಸಾಕು ಅಂದರೂ ಬಿಡುತ್ತಿರಲಿಲ್ಲ.

ಹನೂರಿನ ಆಚೆ, ಕಾಡಂಚಿನ ಹಳ್ಳಿಗಳಲ್ಲಿ ಹಾಗಲ್ಲ. ಅದು ಕಾಡುಗಳ್ಳನಿಗಾಗಿ ಹುಡುಕಾಟ ನಡೆಯುತ್ತಿದ್ದ ಕಾಲ. ವಿಚಾರಣೆಗೆಂದು ಪೊಲೀಸರು ಜೀಪು ಹತ್ತಿಸಿಕೊಂಡು ಹೋದವರು ಯಾವಾಗ ಬರುತ್ತಾರೋ, ಬಂದರೂ ಅಂಗಾಲಿಗೆ ಬಿದ್ದ ಏಟಿನಲ್ಲಿ ಹೇಗೆ ನಡೆಯುತ್ತಾರೋ ಎಂದು ಸಂತೆಯಲ್ಲಿ ಜನ ಪಿಸುಗುಡುತ್ತಿದ್ದರು. ಕೇಂದ್ರಕ್ಕೆ ಸಿಕ್ಕಿದ್ದು ಸರ್ಕಾರಿ ಹರಾಜಿನ ಹಳೆಯ ಪೊಲೀಸ್ ಜೀಪು. ನೀಲಿ ಬಣ್ಣ ಬಳಿದಿದ್ದರೂ ಸದ್ದು ಹಳೆಯದೇ. ನಾವು ಊರು ತಲುಪುವ ಹೊತ್ತಿಗೆ ಒಲೆಯ ಮೇಲೆ ಎಸರು ಕುದಿಯುತ್ತಿರುತ್ತಿತ್ತು, ಮನೆಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ನಾನು ಹುಟ್ಟಾ ಪುಕ್ಕಲ. ನನ್ನನ್ನು ಕಂಡೂ ಜನ ಹೆದರುತ್ತಾರೆ ಎಂಬುದೇ ನನಗೆ ಹೆದರಿಕೆ ತರುತ್ತಿತ್ತು.

ಒಬ್ಬ ತಾತ ಮಾತ್ರ ಓಡಲಿಲ್ಲ. ಆ ಊರಿಗೆ ಕರೆಂಟಿರಲಿಲ್ಲ, ಟೇಪಿನ ಬ್ಯಾಟರಿ ಸತ್ತಿತ್ತು. ಕೊಳ್ಳೇಗಾಲಕ್ಕೇ ಬಂದು ಹೇಳುತ್ತೇನೆಂದ.

"ಅಜ್ಜಿಗೆ ಒಂದು ಮಾತು ಹೇಳಿ ಬನ್ನಿ, ತಾತ."

"ಅವ್ಳು ಒಲದ್ ತಾವ್ ಅವ್ಳೆ. ನಾಳೀಕ್ ಬಂದ್ಬುಡ್ತೀನಲ್ಲ, ನಡೀರಿ ಸಾ."

ಮುಂದಿನ ಸೀಟಿನಲ್ಲಿ ಮದುವೆ ಗಂಡಿನ ಹಾಗೆ ಕುಳಿತ.

ಬಿಳಿಯರ ಕಾಲದಲ್ಲಿ ಜನ ಯಾವುದಕ್ಕೆ ಹೆದರುತ್ತಿದ್ದರು ಎಂದು ಮಹಡಿಯಲ್ಲಿ ಕೂರಿಸಿ ಕೇಳಿದೆ.

"ಕುದ್ರೆ ಸದ್ಗೆ ಕಣ್ ಸಾ. ದೊರೆ ಬಂದಾ ಅಂತ ಎಲ್ಲಾ ಕಾಡ್ಗೆ ಓಡೋಗೋರಂತೆ. ನಮ್ಮಪ್ಪ ಯೋಳೋನು."

ನಿರ್ದೇಶಕರು ಸಂಭ್ರಮದಿಂದ ತಲೆಯಾಡಿಸಿದರು. ನನಗೆ ಕೆಳಗೆ ನಿಂತಿದ್ದ ಜೀಪು ನೆನಪಾಯಿತು. ಅಜ್ಜಿ ಇಷ್ಟೊತ್ತಿಗೆ ಹೊಲದಿಂದ ಬಂದಿರುತ್ತಾಳೆ. ಊರಿನವರು ಅವಳಿಗೆ ಏನೆಂದು ಹೇಳಿರುತ್ತಾರೆ?

ಮರುದಿನ ಬೆಳಿಗ್ಗೆಯೇ ತಾತನನ್ನು ಕೂರಿಸಿಕೊಂಡು ಜೀಪು ಹೊರಡಿಸಿದೆ. ತಾತನ ಮನೆಯ ಬಾಗಿಲು ಹಾರು ಹೊಡೆದಿತ್ತು, ಒಲೆ ತಣ್ಣಗಿತ್ತು. ಪಕ್ಕದ ಮನೆಯಾಕೆ ಗೋಡೆಯ ಮರೆಯಿಂದಲೇ ಹೇಳಿದಳು: "ಜೀಪ್ನೋರು ಇಡ್ಕಂಡೋದ್ರು ಅಂದ್ಕಂಡು ನೆನ್ನೇನೇ ಕಾಡ್ಗೋದ್ಲು ಕಣಪ್ಪ. ಇನ್ನೂ ಬಂದಿಲ್ಲ."

ಅದು ಆನೆಗಳಿದ್ದ ಕಾಡು. ಅಲ್ಲಿಯವರೆಗೆ ನಗುತ್ತಿದ್ದ ತಾತ ಜಗಲಿಯ ಮೇಲೆ ಕುಸಿದ. ಅಲ್ಲಿಂದಲೇ ಕಾಡಿಗೆ ಮುಖ ಮಾಡಿ ಕೂಗತೊಡಗಿದ. ನಾನೂ ಬಾಯಿ ತೆರೆದರೆ ತಡೆದ.

"ನೀವ್ ಸುಮ್ಕಿರಿ ಸಾ. ನಿಮ್ ದನಿ ಕೇಳುದ್ರೆ ಅವ್ಳು ಬರಕ್ಕಿಲ್ಲ."

ಜೀಪಿನ ಮರೆಗೆ ಸರಿದೆ. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

ಬಿಸಿಲೇರಿದ ಮೇಲೆ ಲಂಟಾನ ಪೊದೆ ಸರಿಸಿಕೊಂಡು ಅಜ್ಜಿ ಬಂದಳು. ತೋಳೆಲ್ಲ ಮುಳ್ಳು ಗೀರಿತ್ತು. ತಾತನ ಕಾಲನ್ನು ಮಡಿಲಿಗೆ ಎಳೆದುಕೊಂಡು ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು.

"ಕಾಪಿ ಕೊಟ್ಟು ಕತೆ ಕೇಳುದ್ರು ಕಣಮ್ಮಿ, ಅಷ್ಟೇಯ," ತಾತ ಹೇಳುತ್ತಲೇ ಇದ್ದ. ಅವಳು ಇನ್ನೊಂದು ಕಾಲನ್ನೂ ಒತ್ತಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ ಕೈಮುಗಿದಳು.

"ನಿಮ್ ಕಾಲಿಗ್ ಬೀಳ್ತೀನಿ ಬುದ್ದಿ. ಈವಯ್ಯನ್ನ ಬುಟ್ಬುಡಿ."

ತಾತ ತನ್ನ ಮನೆಯ ಜಗಲಿಯ ಮೇಲೇ ಕುಳಿತಿದ್ದ.

"ಬಿಟ್ಟಿದ್ದೀವಿ ಕಣಮ್ಮ," ಎಂದೆ.